ಇನ್ನೂರ ಹನ್ನೆರಡನೇ ಪುಟ

ನಮ್ಮ ಹಾರ್ಲನ್ ಪ್ರೇರಿ ಊರಿನ ಶಾಲಾ ಮಂಡಳಿಯಲ್ಲಿ ಒಂದು ಪದ್ಧತಿ ಇದೆ. ಜಗಳಕ್ಕೆ ಎಡೆಯಿಲ್ಲದ ಚಿಲ್ಲರೆ ವಿಷಯಗಳನ್ನೆಲ್ಲ, ಅಂದರೆ ಹುಲ್ಲು ಕತ್ತರಿಸುವ ಗುತ್ತಿಗೆ, ಹಾಲಿನ ಸರಬರಾಜು, ಯಾರದೋ ರಾಜೀನಾಮೆ ಇಂಥವನ್ನೆಲ್ಲ ಒಂದು ಕಟ್ಟು ಮಾಡಿ 'ಒಪ್ಪಿಗೆ ಪಟ್ಟಿ' ಎಂದು ಮುಂದಿಡುತ್ತಾರೆ. ಏಳು ಜನ ಸದಸ್ಯರು ಒಮ್ಮೆ ಕೈ ಎತ್ತಿದರೆ ಅಷ್ಟೂ ಪಾಸು. ಅದರಲ್ಲಿ ಯಾವುದಾದರೂ ಒಂದರ ಬಗ್ಗೆ ಮಾತಾಡಬೇಕಿದ್ದರೆ ಮೊದಲೇ "ಇದನ್ನು ಹೊರಗೆ ತೆಗೆಯಿರಿ" ಅನ್ನಬೇಕು. ಅನ್ನದೆ ಕೂತರೆ ಮುಗಿಯಿತು, ಆಮೇಲೆ ಹಲ್ಲು ಕಡಿದು ಪ್ರಯೋಜನವಿಲ್ಲ.

ಜೂನ್ ತಿಂಗಳ ಸಭೆಯಲ್ಲಿ ನಾನು ಕೈ ಎತ್ತಿದೆ. ಕಡತ ಮುನ್ನೂರ ನಲವತ್ತು ಪುಟದ್ದು. ನಾನು ಓದಿದ್ದು ಅರವತ್ತು. ಅದೂ ಕೇಂದ್ರ ಕಚೇರಿಯ ಸಂಬಳದ ಪುಟಗಳನ್ನು ಮಾತ್ರ, ಹುಡುಕಿ ಹುಡುಕಿ, ಸಿಟ್ಟು ಬರಿಸಿಕೊಳ್ಳಲೆಂದೇ ಓದಿದ್ದೆ.

ನಾನು ಡೋರಿಸ್ ಕುಬೆನಾ. ಮೂವತ್ತೊಂದು ವರ್ಷ ಇದೇ ಊರಿನ ಹಳದಿ ಶಾಲಾ ಬಸ್ಸು ಓಡಿಸಿದವಳು. ನಾನು ಸೇರಿದಾಗ ಇಲ್ಲಿ ಶಾಲೆ ಮೂರು, ಉಳಿದದ್ದೆಲ್ಲ ಹತ್ತಿ ಹೊಲ. ಈಗ ಶಾಲೆ ಇಪ್ಪತ್ತೆರಡು, ಹತ್ತಿ ಗಿಡ ತೋರಿಸಿದರೆ ಮಕ್ಕಳು ಗುರುತು ಹಿಡಿಯುವುದಿಲ್ಲ. ಶಾಲೆ ಹೆಚ್ಚಿದಂತೆ ಕಚೇರಿಯೂ ಹೆಚ್ಚಿತು. ಶಾಲೆಗಳ ಮುಖ್ಯಾಧಿಕಾರಿ ಸೂಪರಿಂಟೆಂಡೆಂಟ್‌ಗೆ ಒಬ್ಬ ಉಪ, ಉಪನಿಗೆ ಮೂವರು ಸಹಾಯಕರು, ಆ ಸಹಾಯಕರಿಗೆ ಡೈರಿ ಹಿಡಿಯಲು ಇನ್ನೊಬ್ಬರು. ಅವರಿಗೆಲ್ಲ ಕನ್ನಡಿ ಗೋಡೆಯ ಕಟ್ಟಡ. ನನ್ನ ಬಸ್ಸಿನ ಏರ್‌ಕಂಡೀಷನ್ ಕೆಟ್ಟು ಎರಡು ಬೇಸಿಗೆ ಕಳೆದರೂ ರಿಪೇರಿಗೆ ದುಡ್ಡಿರಲಿಲ್ಲ, ಆ ಕಟ್ಟಡದ ಮುಂದೆ ಮಾತ್ರ ಕಾರಂಜಿ ಚಿಮ್ಮುತ್ತಿತ್ತು. ನಿವೃತ್ತಿಯಾದ ಮೇಲೆ ಆ ಉರಿಯಲ್ಲೇ ಚುನಾವಣೆಗೆ ನಿಂತೆ. 'ಮೊದಲು ತರಗತಿ, ಆಮೇಲೆ ಕಚೇರಿ' ಎಂದು ಕೆಂಪು ಅಂಗಿಗಳ ಮೇಲೆ ಬರೆಸಿದೆವು. ಕಚೇರಿಯ ಖರ್ಚಿನಲ್ಲಿ ನೂರಕ್ಕೆ ಒಂಬತ್ತು ಕಡಿತ, ಅದರಿಂದ ಶಾಲೆಗಳಿಗಾಗಿ ಕಟ್ಟುವ ಮನೆ ತೆರಿಗೆ ಇಳಿತ, ಇದೇ ನನ್ನ ಮಾತು. ಜನ ಗೆಲ್ಲಿಸಿದರು.

ಜೂನ್ ಸಭೆಯ ಹಿಂದಿನ ದಿನ ಹಣಕಾಸು ಮುಖ್ಯಸ್ಥ ಪ್ರೆಸ್ಕಾಟ್ ಲ್ಯಾಂಡ್ರಿ ಫೋನು ಮಾಡಿದ. ದನಿಯಲ್ಲಿ ಜೇನು ಸುರಿಯುತ್ತಿತ್ತು.

"ಮಿಸ್ ಡೋರಿಸ್, ನೀವು ಗೆದ್ರಿ ಕಣ್ರೀ. ಒಂಬತ್ತು ಕೇಳಿದ್ರಿ, ಒಂಬತ್ತೂ ಕಡಿದಿದೀವಿ. ಎಲ್ಲಾ ಒಪ್ಪಿಗೆ ಪಟ್ಟೀಲೇ ಹಾಕಿದೀನಿ. ಯಾಕೆ ಸುಮ್ನೆ ಗಲಾಟೆ, ಅಲ್ವಾ?"

"ಇಷ್ಟು ಸಲೀಸಾಗಿ ಕೊಡ್ತೀಯಾ ಅಂದ್ಕೊಂಡಿರ್ಲಿಲ್ಲ ಕಣಪ್ಪ," ಎಂದೆ.

"ಜನ ಹೇಳಿದ ಮೇಲೆ ಕೇಳ್ಬೇಕಲ್ವಾ," ಎಂದು ನಕ್ಕ.

ಎಲ್ಲಿಂದ ಕಡಿದೆ ಎಂದು ನಾನು ಕೇಳಲಿಲ್ಲ.

ಆಗಸ್ಟ್‌ನಲ್ಲಿ ಶಾಲೆ ತೆರೆದ ದಿನ ಪೆಕಾನ್ ಲೇನ್ ಎಂಬ ಬೀದಿಯ ಹನ್ನೊಂದು ಮಕ್ಕಳು ಎಂದಿನ ಜಾಗದಲ್ಲಿ ನಿಂತರು. ಬಸ್ಸು ಬರಲೇ ಇಲ್ಲ. ಶಾಲೆಯಿಂದ ಎರಡು ಮೈಲಿಯೊಳಗಿನ ಮನೆಗಳಿಗೆ ಬಸ್ಸಿಲ್ಲ ಎನ್ನುವುದು ನಮ್ಮಲ್ಲಿ ಕಾನೂನು. ದಾರಿ ಅಪಾಯದ್ದೆಂದು ಮಂಡಳಿ ಒಪ್ಪಿದರೆ ಮಾತ್ರ ಬಸ್ಸು. ಪೆಕಾನ್ ಲೇನಿನ ಮಕ್ಕಳು ಹತ್ತಿ ಗಿರಣಿ ರಸ್ತೆ ದಾಟಬೇಕು, ಅದಕ್ಕೇ ಇಪ್ಪತ್ತು ವರ್ಷದಿಂದ ಆ ಬಸ್ಸಿತ್ತು. ನನ್ನ ಕೆಲಸದ ಕೊನೆಯ ಒಂಬತ್ತು ವರ್ಷ ಅದನ್ನು ಓಡಿಸಿದ್ದು ನಾನೇ. ಜೂನ್ ಕಡತದ ಇನ್ನೂರ ಹನ್ನೆರಡನೇ ಪುಟದಲ್ಲಿ 'ಸಾರಿಗೆ ಆಡಳಿತ ಹೊಂದಾಣಿಕೆ' ಎಂಬ ಒಂದು ಸಾಲು, ಅದರ ಮುಂದೊಂದು ಸಂಕೇತ. ಅದೇ ಆ ಬಸ್ಸು. ಒಂಬತ್ತರಲ್ಲಿ ಅರೆ ಶೇಕಡಾ ಅದರದು, ಉಳಿದದ್ದೂ ಇಂಥ ಸಾಲುಗಳದ್ದೇ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದ್ದರು. ಕನ್ನಡಿ ಕಟ್ಟಡದಲ್ಲಿ ಒಂದು ಕುರ್ಚಿಯೂ ಅಲುಗಿರಲಿಲ್ಲ.

ಬಸ್ಸು ನಿಂತದ್ದು ನನಗೆ ಗೊತ್ತಾದದ್ದು ಸೆಪ್ಟೆಂಬರ್ ಸಭೆಯಲ್ಲಿ. ಸಾರ್ವಜನಿಕರಿಗೆ ತಲಾ ಮೂರು ನಿಮಿಷ ಮಾತಾಡುವ ಅವಕಾಶವಿರುತ್ತದೆ. ಆ ದಿನ ಎದ್ದು ಬಂದವನು ಅಬೆಲಾರ್ಡೊ ಕ್ವಿಂಟನಿಯಾ. ಹೊಸ ಮನೆಗಳಿಗೆ ಜಿಪ್ಸಮ್ ಗೋಡೆ ಹಲಗೆ ಕೂರಿಸುವ ಕೆಲಸ ಅವನದು, ತಲೆಗೂದಲಲ್ಲಿ ಇನ್ನೂ ಬಿಳಿ ಪುಡಿಯಿತ್ತು. ಅವನು ಆರು ವರ್ಷದವನಿದ್ದಾಗ ನನ್ನ ಬಸ್ಸು ಹತ್ತುತ್ತಿದ್ದ. ಈಗ ಅವನ ಮಗಳು ನೊಯೆಮಿಗೆ ಎಂಟು.

ಅವನು ಮಂಡಳಿಯನ್ನು ನೋಡಲಿಲ್ಲ, ನನ್ನೊಬ್ಬಳನ್ನೇ ನೋಡಿದ.

"ಮಿಸ್ ಡೋರಿಸ್, ಆ ರಸ್ತೆ ನಿಮಗೆ ಗೊತ್ತು. ಕಾಂಕ್ರೀಟ್ ಲಾರಿಗಳು ಹೆಂಗೆ ಬರ್ತವೆ ಗೊತ್ತು. ನಾನು ಐದೂವರೆಗೇ ಕೆಲಸಕ್ಕೆ ಹೊರಡ್ಬೇಕು, ನನ್ನ ಹೆಂಡ್ತಿ ಬೇಕರಿಗೆ ನಾಕಕ್ಕೇ ಹೋಗ್ತಾಳೆ. ಮಗು ಕೈ ಹಿಡ್ಕೊಂಡು ದಾಟಿಸೋರು ಯಾರು ಹೇಳಿ? ಬಸ್ಸು ಯಾಕೆ ನಿಂತೋಯ್ತು?"

ಸಭೆಯ ಕಾರ್ಯಸೂಚಿಯಲ್ಲಿ ಇಲ್ಲದ ವಿಷಯದ ಬಗ್ಗೆ ಸದಸ್ಯರು ಚರ್ಚೆ ಮಾಡುವಂತಿಲ್ಲ, ಅದೂ ಕಾನೂನೇ. ಏಳು ಜನ ಏಳು ಗೊಂಬೆಗಳ ಹಾಗೆ ಕೂತೆವು. ನಾನು ಬಾಯಿ ತೆರೆದೆ. ಪಕ್ಕದಲ್ಲಿದ್ದ ಮಂಡಳಿಯ ವಕೀಲ ನನ್ನ ಮೊಣಕೈ ಒತ್ತಿದ. ಬಾಯಿ ಮುಚ್ಚಿದೆ.

ಆ ರಾತ್ರಿ ಜೂನ್ ಕಡತ ಹುಡುಕಿ ನೋಡಿ, ಮಾರನೇ ದಿನವೇ ಲ್ಯಾಂಡ್ರಿಯ ಕೋಣೆಗೆ ನುಗ್ಗಿದೆ.

"ಕಚೇರಿ ಖರ್ಚು ಕಡಿ ಅಂದ್ರೆ ಮಕ್ಕಳ ಬಸ್ಸು ಕಡಿದ್ಯಲ್ಲೋ! ನಿಂಗೇನು ಮಾನ ಮರ್ಯಾದೆ ಇದ್ಯಾ?"

ಅವನು ಸಿಟ್ಟಾಗಲಿಲ್ಲ. ಕಡತ ತೆರೆದು ಪುಟ ತೋರಿಸಿದ. "ಸಾರಿಗೆ ಆಡಳಿತ. ಆಡಳಿತ ಅಂತಲೇ ಬರ್ದಿದೆ ನೋಡಿ. ನಿಮ್ಮ ಕೈ ಎಲ್ಲರಿಗಿಂತ ಮೊದಲು ಮೇಲೆ ಹೋಯ್ತು, ವಿಡಿಯೋ ಇದೆ. ಬೇಕಾದ್ರೆ ಹಾಕಿ ತೋರಿಸ್ಲಾ?"

ಬಸ್ಸಿನ ವಿಷಯವನ್ನು ಕಾರ್ಯಸೂಚಿಗೆ ತರಲು ಮಂಡಳಿಯ ಅಧ್ಯಕ್ಷೆ ಕ್ಯಾಂಡೇಸ್ ವಿಟ್ಲೊ ಒಪ್ಪಬೇಕು. ಅವಳು ಒಪ್ಪಿದಳು, ಆದರೆ ಒಂದು ಷರತ್ತು ಹಾಕಿದಳು. ರಸ್ತೆ ನಿಜವಾಗಿ ಅಪಾಯದ್ದೋ ಎಂದು ಮೊದಲು ವಾಹನಗಳ ಎಣಿಕೆಯಾಗಬೇಕು. "ನೀವೇ ಅಲ್ವಾ ಡೋರಿಸ್, ಲೆಕ್ಕ ಇಲ್ದೆ ಒಂದು ಕಾಸೂ ಬಿಚ್ಬಾರ್ದು ಅಂದೋರು?" ಎಂದಳು.

ಅಕ್ಟೋಬರ್ ಪೂರ್ತಿ ನಾನು ಬೆಳಿಗ್ಗೆ ಏಳಕ್ಕೆ ಹತ್ತಿ ಗಿರಣಿ ರಸ್ತೆಗೆ ಹೋಗಿ ನಿಂತೆ. ಅರವತ್ತೇಳರ ಮೊಣಕಾಲು, ಕೈಯಲ್ಲೊಂದು ಕಾಫಿ ಲೋಟ. ಮಕ್ಕಳನ್ನು ಎರಡು ಸಾಲು ಮಾಡಿ ದಾಟಿಸುತ್ತಿದ್ದೆ. ಲಾರಿಗಳು ನಾಲ್ಕು ಸಾಲಿನಲ್ಲಿ ಬರುತ್ತಿದ್ದವು, ಕಾಂಕ್ರೀಟ್ ಕಲಸುವ ಹೊಟ್ಟೆ ತಿರುಗಿಸಿಕೊಂಡು, ಒಂದರ ಬಾಲಕ್ಕೆ ಇನ್ನೊಂದು. ಮುಂದಿನದು ನಿಂತರೆ ಅದರ ಮರೆಯಲ್ಲಿ ಪಕ್ಕದ್ದು ಕಾಣುವುದಿಲ್ಲ. ಅದೇ ನನ್ನ ಹೆದರಿಕೆ. ನೊಯೆಮಿಗೆ ಹೆದರಿಕೆ ಇರಲಿಲ್ಲ. ಅವಳಿಗೆ ಲಾರಿ ಎಣಿಸುವುದೇ ಆಟ.

"ಮಿಸ್ ಡೋರಿಸ್, ನಿನ್ನೆ ನಲವತ್ತು, ಇವತ್ತು ಆಗ್ಲೇ ನಲವತ್ತಾರು! ನಾಳೆ ಐವತ್ತಾದ್ರೆ ನಂಗೇನು ಕೊಡ್ತೀರ?"

"ನಿನ್ನ ಕಿವಿ ಹಿಂಡ್ತೀನಿ. ಕೈ ಬಿಡ್ಬೇಡ ಅಂದ್ನಲ್ಲ."

ನವೆಂಬರ್ ಮೊದಲ ವಾರ ಲ್ಯಾಂಡ್ರಿ ಮಂಡಳಿಯ ವಕೀಲನಿಂದ ಬರೆಸಿದ ಪತ್ರ ಬಂತು. ಮಂಡಳಿಯ ಸದಸ್ಯೆ ಹೀಗೆ ರಸ್ತೆಯಲ್ಲಿ ನಿಂತರೆ ದಾರಿ ಅಪಾಯದ್ದೆಂದು ಮಂಡಳಿಯೇ ಒಪ್ಪಿಕೊಂಡಂತಾಗುತ್ತದೆ, ಎಣಿಕೆಯ ವರದಿ ಬರುವವರೆಗೆ ನಿಲ್ಲಬಾರದು. ನಿಂತರೆ ವಿಷಯವನ್ನೇ ಕಾರ್ಯಸೂಚಿಯಿಂದ ಬಿಡಬೇಕಾಗುತ್ತದೆ. ನಾನು ಎರಡು ದಿನ ಮನೆಯಲ್ಲಿ ಕೂಗಾಡಿದೆ. ಮೂರನೇ ದಿನದಿಂದ ಹೋಗುವುದನ್ನು ನಿಲ್ಲಿಸಿದೆ. ವರದಿ ಬಂದರೆ ಬಸ್ಸು ಬರುತ್ತದೆ, ಒಂದು ತಿಂಗಳು ತಾನೇ ಎಂದುಕೊಂಡೆ.

ಎಣಿಸುವವರು ಬಂದು ರಸ್ತೆಗೆ ಅಡ್ಡಲಾಗಿ ಕಪ್ಪು ರಬ್ಬರ್ ಕೊಳವೆ ಹಾಕಿದರು. ಗಾಲಿ ಹತ್ತಿದಾಗೆಲ್ಲ ಅದು ಒಂದು ಎಂದು ಬರೆದುಕೊಳ್ಳುತ್ತದೆ. ಅವರು ಹಾಕಿದ್ದು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರದಲ್ಲಿ. ಶಾಲೆಗೆ ರಜೆ, ಕಟ್ಟಡದ ಕೆಲಸಕ್ಕೂ ರಜೆ, ಊರೆಲ್ಲ ಟರ್ಕಿ ಕೋಳಿ ತಿಂದು ಮಲಗಿತ್ತು. ಕೊಳವೆಯ ಮೇಲೆ ಹತ್ತಿದ್ದು ಅಜ್ಜಿ ಮನೆಗೆ ಹೋಗುವವರ ಕಾರುಗಳು ಮಾತ್ರ. 'ಬೆಳಗಿನ ಹೊತ್ತು ಭಾರಿ ವಾಹನ: ಎರಡು. ದಾರಿ ಅಪಾಯಕಾರಿಯಲ್ಲ' ಎಂದು ವರದಿ ಬಂತು. ಎರಡು! ನಾನು ಕ್ಯಾಂಡೇಸ್‌ಗೆ ಫೋನಿನಲ್ಲಿ ಅರಚಿದೆ.

"ರಜೆ ವಾರ ಅಂತ ಯಾರಿಗೂ ಹೊಳೀಲಿಲ್ವೇನೇ?"

"ಆ ವಾರ ಅವರ ರೇಟು ಅರ್ಧ ಇತ್ತು, ಡೋರಿಸ್. ದುಡ್ಡು ಉಳಿಸೋಣ ಅಂತ ತಾನೇ ನೀವು ಬಂದಿದ್ದು? ಡಿಸೆಂಬರ್ ಹದಿನಾರರ ಸಭೇಲಿ ಮತ್ತೆ ಎಣಿಸೋಕೆ ಕೇಳಿ. ಬೇಡ ಅನ್ನಲ್ಲ."

ಡಿಸೆಂಬರ್ ನಾಲ್ಕರ ಬೆಳಿಗ್ಗೆ ಮಂಜು ಕವಿಯಿತು. ಅಡುಗೆಮನೆ ಕಿಟಕಿಯಿಂದ ನನ್ನ ಅಂಚೆಪೆಟ್ಟಿಗೆಯೇ ಕಾಣುತ್ತಿರಲಿಲ್ಲ. ವಕೀಲನ ಪತ್ರ ಹಾಳಾಗಲಿ ಎಂದು ಕೋಟು ಹಾಕಿಕೊಂಡು ಕಾರು ತೆಗೆದೆ. ಹತ್ತು ಅಡಿ ಮುಂದೆ ಏನಿದೆಯೋ ಗೊತ್ತಾಗದೆ ತೆವಳಿದೆ. ಹತ್ತಿ ಗಿರಣಿ ರಸ್ತೆ ಮುಟ್ಟಿದಾಗ ಏಳು ಇಪ್ಪತ್ತು. ಲಾರಿಗಳೆಲ್ಲ ನಿಂತಿದ್ದವು. ಅಷ್ಟು ಲಾರಿಗಳಿದ್ದೂ ಆ ಜಾಗ ನಿಶ್ಶಬ್ದವಾಗಿತ್ತು, ಅದರಿಂದಲೇ ನನಗೆ ಗೊತ್ತಾಯಿತು. ಮೊದಲ ಲಾರಿಯ ಚಾಲಕ ಮಕ್ಕಳನ್ನು ಕಂಡು ನಿಲ್ಲಿಸಿದ್ದ, ಹೋಗಿ ಎಂದು ಕೈ ಬೀಸಿದ್ದ. ನೊಯೆಮಿ ಎಲ್ಲರಿಗಿಂತ ಮುಂದೆ ಹೆಜ್ಜೆ ಇಟ್ಟಿದ್ದಳು. ಪಕ್ಕದ ಸಾಲಿನವನಿಗೆ ಅವಳು ಕಾಣಿಸಲಿಲ್ಲ.

ಬದುಕುತ್ತಾಳೆ ಎಂದು ಡಾಕ್ಟರು ಹೇಳಿದರು. ನಡೆಯುತ್ತಾಳೆ ಎಂದು ಯಾರೂ ಹೇಳಲಿಲ್ಲ.

ಹದಿನಾರರ ಸಭೆಯ ಕಡತ ಬಂದಾಗ ಈ ಸಲ ನಾನು ಪ್ರತಿ ಪುಟ ಓದಿದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ದರು. ಪೆಕಾನ್ ಲೇನಿನ ಬಸ್ಸು ಮತ್ತೆ ಮಂಜೂರಾಗಿತ್ತು, ಒಪ್ಪಿಗೆ ಪಟ್ಟಿಯ ಒಳಗೇ, ಹುಲ್ಲಿನ ಗುತ್ತಿಗೆ ಮತ್ತು ಒಬ್ಬ ಸಂಗೀತ ಮೇಷ್ಟರ ರಜೆಯ ನಡುವೆ. ಸದ್ದಿಲ್ಲದೆ ಕೈ ಎತ್ತಿ ಎಂದು ವಕೀಲ ಒಬ್ಬೊಬ್ಬರಿಗೂ ಫೋನು ಮಾಡಿದ. ಯಾರೂ ಆ ಮಗುವಿನ ಹೆಸರು ಹೇಳಬಾರದು, ಹೇಳಿದರೆ ನಾಳೆ ಕೋರ್ಟಿನಲ್ಲಿ ಕಷ್ಟ.

ಸಭಾಂಗಣ ತುಂಬಿತ್ತು. ಕ್ಯಾಂಡೇಸ್ ಪಟ್ಟಿ ಓದುವ ಮೊದಲೇ ನಾನು ಮೈಕು ಎಳೆದುಕೊಂಡೆ. "ಅದನ್ನ ಹೊರಗೆ ತೆಗೀರಿ," ಎಂದೆ. ವಕೀಲ ಮೊಣಕೈ ಒತ್ತಿದ, ನಾನು ಕೈ ಕೊಡವಿಕೊಂಡೆ.

"ಅವಳ ಹೆಸರು ನೊಯೆಮಿ ಕ್ವಿಂಟನಿಯಾ. ಜೂನ್‌ನಲ್ಲಿ ಆ ಬಸ್ಸನ್ನ ನಿಲ್ಲಿಸಿದ್ದು ನಾವು ಏಳು ಜನ. ಉಳಿದೋರ ವಿಷ್ಯ ನಂಗೆ ಗೊತ್ತಿಲ್ಲ. ನಾನು ಮಾತ್ರ ಆ ಪುಟ ಓದಿರ್ಲಿಲ್ಲ. ಓದ್ದೆ ಕೈ ಎತ್ದೆ. ತಪ್ಪು ನಂದು."

ಮುಂದಿನ ಸಾಲಿನಲ್ಲಿ ಕೆಂಪು ಅಂಗಿಯವರು ಕಣ್ಣೊರೆಸಿಕೊಂಡರು. ಬಸ್ಸು ಪಾಸಾಯಿತು. ಸಭೆ ಮುಗಿದ ಮೇಲೆ ಒಬ್ಬೊಬ್ಬರೇ ಬಂದು ಅಪ್ಪಿಕೊಂಡರು. "ಎಂಥಾ ಧೈರ್ಯ ನಿಮ್ದು," "ಯಾರು ತಾನೇ ಹೀಗೆ ಒಪ್ಕೋತಾರೆ," ಎಂದರು. ನಾಚಿಕೆಯ ಮಾತನ್ನು ನಾನೇ ಹೇಳಿಬಿಡುತ್ತೇನೆ: ಹನ್ನೆರಡು ದಿನದ ಮೇಲೆ ಮೊದಲ ಸಲ ನನಗೆ ಹಗುರವೆನಿಸಿತು.

ಹೊರಗೆ ಕಾರು ನಿಲ್ಲಿಸಿದ್ದಲ್ಲಿ ಅಬೆಲಾರ್ಡೊ ಕಾಯುತ್ತಿದ್ದ. ಕೆಲಸದ ಬಟ್ಟೆಯಲ್ಲಿರಲಿಲ್ಲ. ಗಡ್ಡ ಬೆಳೆದಿತ್ತು.

"ಅಬೆಲಾರ್ಡೊ, ಮಗಾ..." ಎಂದೆ.

"ಒಂದೇ ಒಂದು ಕೇಳ್ಬೇಕಿತ್ತು, ಮಿಸ್ ಡೋರಿಸ್. ಆ ಪುಟ ಓದಿದ್ದಿದ್ರೆ ಕೈ ಎತ್ತಿರ್ಲಿಲ್ವಾ?"

ಅಪ್ಪಿಕೊಂಡವರ್ಯಾರೂ ಇದನ್ನು ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಇಲ್ಲ ಅನ್ನಬಹುದಿತ್ತು, ಅವನು ನಂಬುತ್ತಿದ್ದ. ಆದರೆ ಜೂನ್‌ನ ನನ್ನನ್ನು ನಾನು ಬಲ್ಲೆ. ಒಂಬತ್ತು ಎಂದು ಊರೆಲ್ಲ ಕೂಗಿದ್ದೆ. ಬಸ್ಸು ಉಳಿಸಿ ಕಡಿತ ನೂರಕ್ಕೆ ಎಂಟೂವರೆಗೆ ನಿಂತಿದ್ದರೆ ಕೆಂಪು ಅಂಗಿಯವರ ಮುಂದೆ ಮುಖ ಹೇಗೆ ತೋರಿಸುತ್ತಿದ್ದೆ? ಹನ್ನೊಂದೇ ಮಕ್ಕಳಲ್ಲವೇ, ಹೇಗೋ ದಾಟಿಕೊಳ್ಳುತ್ತವೆ ಎಂದುಕೊಳ್ಳುತ್ತಿದ್ದೆ.

"ಎತ್ತಿರ್ತಿದ್ದೆ," ಎಂದೆ.

ಅವನು ಬಯ್ಯುತ್ತಾನೆಂದು ಕಾದೆ. ಬಯ್ಯಲಿ ಎಂದು ಬೇಡಿಕೊಂಡೆ. ಅವನು ತಲೆಯಾಡಿಸಿದ ಅಷ್ಟೇ.

"ನಾನೂ ನಿಮಗೇ ವೋಟ್ ಹಾಕಿದ್ದು," ಎಂದ. "ಅಮ್ಮನ ಮನೆ ನನ್ನ ಹೆಸರಿಗೆ ಬಂದ್ಮೇಲೆ ತೆರಿಗೆ ಕಟ್ಟಿ ಕಟ್ಟಿ ಸಾಕಾಗಿತ್ತು. ನೀವು ಇಳಿಸ್ತೀನಿ ಅಂದ್ರಲ್ಲ. ನನ್ನ ಅಂಗಳದಲ್ಲಿ ನಿಮ್ಮ ಬೋರ್ಡೂ ನೆಟ್ಟಿದ್ದೆ. ಅದನ್ನ ನೆಡೋವಾಗ ಸುತ್ತಿಗೆ ಹಿಡ್ಕೊಂಡು ನಿಂತಿದ್ದೋಳು ನೊಯೆಮಿನೇ."

"ಇಳೀತಾ?" ಎಂದು ಕೇಳಿದೆ. ಯಾಕೆ ಕೇಳಿದೆನೋ.

"ಹೋದ ತಿಂಗಳು ಬಿಲ್ ಬಂತು. ಇಳೀತು. ವರ್ಷಕ್ಕೆ ನಲವತ್ತೊಂದು ಡಾಲರ್."

ಅವನು ತನ್ನ ಗಾಡಿಯ ಬಾಗಿಲು ತೆಗೆದ. ಹೆಂಡತಿ ಬೆಳಗಿನಿಂದ ಆಸ್ಪತ್ರೆಯಲ್ಲೇ ಇದ್ದಾಳೆ, ಇವತ್ತು ರಾತ್ರಿ ಮಗುವಿನ ಪಕ್ಕ ಕೂರುವ ಸರದಿ ತನ್ನದು ಎಂದು ಹೇಳಿ ಹೊರಟ.