ಬೋಗುಣಿಯ ಮೂರನೆಯ ಕೊಂಡಿ

ಕೆಲಸ ಹೋದ ಹೆಂಗಸು ಏನು ಮಾಡಬೇಕೆಂಬುದು ಅಮೆರಿಕದ ನಾರ್ತ್‌ವಿಲ್‌ನ ಕನ್ನಡ ಬಳಗಕ್ಕೆ ಚೆನ್ನಾಗಿ ಗೊತ್ತಿತ್ತು. ರೆಸ್ಯೂಮೆ ತಿದ್ದಬೇಕು, ಯೋಗದ ಕ್ಲಾಸಿಗೆ ಸೇರಬೇಕು, ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್‌ಗೆ ಇನ್ನೊಂದು ಬಗೆ ಹೆಚ್ಚಿಗೆ ಮಾಡಿ ತರಬೇಕು. ಸುಹಾಸಿನಿ ಇದ್ಯಾವುದನ್ನೂ ಮಾಡಲಿಲ್ಲ. ಗರಾಜ್ ಸೇಲ್‌ನಲ್ಲಿ ಮಣ್ಣಿನಡಿಯ ಲೋಹ ಹುಡುಕುವ ಹಳೆಯದೊಂದು ಮೆಟಲ್ ಡಿಟೆಕ್ಟರ್ ಕೊಂಡು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ಊರಾಚೆಯ ಬಯಲು ಸುತ್ತತೊಡಗಿದಳು. ಡೆಟ್ರಾಯಿಟ್‌ನ ಕಾರು ಕಂಪನಿಗಳು ಜನರನ್ನು ಗುಂಪುಗುಂಪಾಗಿ ಮನೆಗೆ ಕಳಿಸುತ್ತಿದ್ದ ಎರಡು ಸಾವಿರದ ಒಂಬತ್ತನೆಯ ಇಸವಿ ಅದು. ಬ್ರೇಕ್ ಟೆಸ್ಟ್ ಮಾಡುತ್ತಿದ್ದ ಎಂಜಿನಿಯರ್ ಈಗ ಮಣ್ಣು ಕೆದಕುತ್ತಾಳೆ ಎಂದು ಜನ ಆಡಿಕೊಂಡರು. ಆಡಿಕೊಳ್ಳಲಿ ಬಿಡಿ, ಬಾಯಿಗೆ ಬೀಗ ಹಾಕುವವರು ಯಾರು?

ಮರಿಯನ್ ಎಂಬ ಮುದುಕಿ ತನ್ನ ಸೇಬಿನ ತೋಟದಲ್ಲಿ ಹುಡುಕಿಕೊಳ್ಳಲು ಒಪ್ಪಿಗೆ ಕೊಟ್ಟಳು. ಇಂಗ್ಲೆಂಡಿನಿಂದ ಬಂದಿದ್ದ ಅವಳ ತಾತನ ಮನೆ ಆ ತೋಟದ ಮೂಲೆಯಲ್ಲೇ ಸುಟ್ಟುಹೋಗಿತ್ತಂತೆ. ತಾತನಿಗೆ ಹಳೆಯ ಸಾಮಾನು ಕೂಡಿಡುವ ಹುಚ್ಚಿತ್ತಂತೆ. ಅಲ್ಲೇ ಒಂದು ಮಧ್ಯಾಹ್ನ ಡಿಟೆಕ್ಟರ್ ಜೋರಾಗಿ ಕೂಗಿ, ಸುಹಾಸಿನಿ ಅಗೆದಾಗ, ಕರಿಗಟ್ಟಿದ ತೆಳುವಾದ ಬೋಗುಣಿಯೊಂದು ಸಿಕ್ಕಿತು. ಮರಿಯನ್ ಮನೆಯಲ್ಲಿರಲಿಲ್ಲ. ಆಮೇಲೆ ಫೋನ್ ಮಾಡಿದರೆ, "ನೀನೇ ಇಟ್ಟುಕೋ" ಎಂದು ನಕ್ಕುಬಿಟ್ಟಳು.

ಇಲ್ಲೇ ಎಡವಟ್ಟಾಯಿತು. ಮೈಸೂರಿನ ಮನೆಯಲ್ಲಿ ಬೆಳೆದ ಕೈಗೆ ಕರಿಗಟ್ಟಿದ ಕಂಚು ಸಿಕ್ಕರೆ ಸುಮ್ಮನಿರುತ್ತದೆಯೇ? ಹುಣಸೆಹಣ್ಣು ನೆನೆಸಿ, ಉಪ್ಪು ಬೆರೆಸಿ, ರಟ್ಟೆ ನೋಯುವಂತೆ ತಿಕ್ಕಿದಳು. ಬೋಗುಣಿ ಹಬ್ಬದ ದಿನದ ಕಳಶದಂತೆ ಫಳಫಳ ಹೊಳೆಯಿತು. ಅಂಚಿನಲ್ಲಿ ಹಕ್ಕಿತಲೆಯ ಎರಡು ಕೊಂಡಿಗಳು ಕಂಡದ್ದು ಆಗ. ಲೈಬ್ರರಿಯ ಪುಸ್ತಕಗಳನ್ನೆಲ್ಲ ತಿರುವಿಹಾಕಿದ ಮೇಲೆ ಅಂಥದ್ದೇ ಚಿತ್ರ ಸಿಕ್ಕಿತು: ಇಂಗ್ಲೆಂಡಿನ ಆಂಗ್ಲೋ-ಸ್ಯಾಕ್ಸನ್ ಕಾಲದ, ಸಾವಿರ ವರ್ಷಕ್ಕೂ ಹಳೆಯದಾದ, ಮೂರು ಕೊಂಡಿಗಳಿಂದ ನೇತುಹಾಕುವ ತೂಗುಬೋಗುಣಿ. ಬೋಗುಣಿಯನ್ನು ಕೈಚೀಲಕ್ಕೆ ಹಾಕಿಕೊಂಡು ತೋರಿಸಲು ಹೊರಟಳು.

ಊರಿನ ಸಣ್ಣ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಹೋವರ್ಡ್ ಬೋಗುಣಿಯನ್ನು ನೋಡಿದ, ಆಮೇಲೆ ಅವಳ ಹಣೆಯ ಬೊಟ್ಟು ನೋಡಿದ, ಮತ್ತೆ ಬೋಗುಣಿ ನೋಡಿದ.

"ಚೆನ್ನಾಗಿದೆ. ನಿಮ್ಮ ದೇಶದ ಅಡುಗೆ ಪಾತ್ರೆ ಅಲ್ವೇ?" ಎಂದು ಇಂಗ್ಲಿಷಿನಲ್ಲಿ ಕೇಳಿದ. "ಮಿಶಿಗನ್ ಮಣ್ಣಿನಲ್ಲಿ ಸಿಕ್ಕಿತು ಅನ್ನುತ್ತೀರಿ, ಒಂದು ಚೂರು ಮಣ್ಣೂ ಇಲ್ಲ. ಕೆಲಸ ಹೋದಾಗ ಜನ ಏನೇನೋ ಕಥೆ ಕಟ್ಟುತ್ತಾರೆ, ನನಗೆ ಅರ್ಥವಾಗುತ್ತದೆ."

ತಿಕ್ಕಿದ್ದು ತನ್ನ ತಪ್ಪು, ಅದನ್ನು ಅವಳು ಅಲ್ಲೇ ಒಪ್ಪಿಕೊಂಡಳು. ಆದರೆ ಸುಳ್ಳಿ ಅನ್ನಿಸಿಕೊಳ್ಳುವುದು ಬೇರೆ ಮಾತು. ಅಂಚಿನಲ್ಲಿ ಮೂರನೆಯ ಕೊಂಡಿ ಕಿತ್ತುಹೋದ ಜಾಗದ ಮೇಲೆ ಬೆರಳಿಟ್ಟು, "ಇದು ಆ ಮಣ್ಣಲ್ಲೇ ಇರಬೇಕು. ಶನಿವಾರ ತೋಟಕ್ಕೆ ಬನ್ನಿ. ಸಿಗದಿದ್ದರೆ ಮೈಸೂರಿನಿಂದ ತಂದೆ ಅಂತ ನಾನೇ ಎಲ್ಲರ ಮುಂದೆ ಹೇಳುತ್ತೇನೆ" ಎಂದಳು.

ಮನೆಯಲ್ಲಿ ಗಂಡ ತಿರುಮಲೇಶ ತಲೆ ಮೇಲೆ ಕೈಹೊತ್ತು ಕೂತ. "ನಮ್ ಗ್ರೀನ್ ಕಾರ್ಡ್ ಇನ್ನೂ ಪೆಂಡಿಂಗ್ ಇದೆ ಕಣೇ. ಇಂಥ ಟೈಮಲ್ಲಿ ಅವ್ರ ಜೊತೆ ಯಾಕೆ ಜಗಳ? ಸಾರಿ ಅಂತ ಒಂದ್ ಮೇಲ್ ಹಾಕ್ಬಿಡು."

"ಯಾವ್ ತಪ್ಪಿಗ್ರೀ ಸಾರಿ? ಪಾತ್ರೆ ತೊಳೆದಿದ್ದಕ್ಕಾ?"

ಶನಿವಾರ ಹೋವರ್ಡ್ ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ಬಂದ. ಮರಿಯನ್ ಕುರ್ಚಿ ಹಾಕಿಸಿಕೊಂಡು ಕೂತಳು. ಹೆಂಡತಿಯನ್ನು ಒಬ್ಬಳೇ ಬಿಡಲಾಗದೆ ತಿರುಮಲೇಶನೂ ಬಂದಿದ್ದ. ಬೋಗುಣಿ ಸಿಕ್ಕಿದ್ದ ಗುಂಡಿಯ ಸುತ್ತ ಸುಹಾಸಿನಿ ಡಿಟೆಕ್ಟರ್ ಆಡಿಸಿದಳು. ಒಂದು ಮೊಳೆ ಸಿಕ್ಕಿತು, ಸೋಡಾ ಬಾಟಲಿಯ ಮುಚ್ಚಳ ಸಿಕ್ಕಿತು, ಮತ್ತೆ ಮೊಳೆ. ಹೋವರ್ಡ್ ವಾಚ್ ನೋಡಿಕೊಂಡ. "ಸಾಕು ಬಾರೇ, ಹೋಗೋಣ" ಎಂದು ತಿರುಮಲೇಶ ಮೆಲ್ಲಗೆ ಗೋಗರೆದ. ಅವಳು ಅಗೆದ ಮಣ್ಣನ್ನು ಅಂದು ಯಾವ ಕಡೆ ಎಸೆದಿದ್ದೆ ಎಂದು ನೆನಪು ಮಾಡಿಕೊಂಡು, ಬೇಲಿಯ ಕಡೆ ತಿರುಗಿದಳು. ಅಲ್ಲಿ ಹೆಡ್‌ಫೋನಿನಲ್ಲಿ ಸಣ್ಣಗೆ, ಸ್ಪಷ್ಟವಾಗಿ ದನಿ ಬಂತು.

ಅವಳು ಬಗ್ಗಲಿಲ್ಲ. ಕೈಗುದ್ದಲಿಯನ್ನು ಹೋವರ್ಡನ ಮುಂದೆ ಹಿಡಿದಳು. "ನೀವೇ ಅಗೆಯಿರಿ. ನಾನು ಅಗೆದರೆ ಕೈಯಲ್ಲೇ ಇಟ್ಟುಕೊಂಡಿದ್ದೆ ಅನ್ನುತ್ತೀರಿ."

"ಅಗತ್ಯವಿಲ್ಲ..."

"ಇದೆ."

ಮರಿಯನ್ ಕುರ್ಚಿಯಿಂದಲೇ, "ಅಗೆಯಪ್ಪಾ ಹೋವರ್ಡ್, ಮಣ್ಣು ಕಚ್ಚುವುದಿಲ್ಲ" ಎಂದಳು. ಬೇರೆ ದಾರಿ ಕಾಣದೆ ಅವನು ಮಂಡಿಯೂರಿದ. ಒದ್ದೆ ಮಣ್ಣು ಪ್ಯಾಂಟಿಗೆ ಮೆತ್ತಿತು. ಮೊದಲು ಒರಟಾಗಿ ಕೆದಕಿದ, ಆಮೇಲೆ ಗುದ್ದಲಿ ಬಿಟ್ಟು ಬೆರಳಿನಿಂದ ಬಿಡಿಸಿದ. ಹೆಬ್ಬೆರಳುದ್ದದ ಕೊಂಡಿ ಹೊರಗೆ ಬಂತು. ಮೈತುಂಬ ಹಸಿರು ಕಿಲುಬು, ತುದಿಯಲ್ಲಿ ಹಕ್ಕಿಯ ತಲೆ. ಕೈಚೀಲದಿಂದ ಬೋಗುಣಿ ತೆಗೆದು ಸುಹಾಸಿನಿ ಅವನ ಮುಂದಿಟ್ಟಳು. ಕಿತ್ತುಹೋದ ಜಾಗಕ್ಕೆ ಕೊಂಡಿ ಸರಿಯಾಗಿ ಕೂತಿತು.

ಅವನು ಕೊಂಡಿಯನ್ನು ತೆಗೆದು ಮತ್ತೊಮ್ಮೆ ಕೂರಿಸಿ ನೋಡಿದ. ಆಮೇಲೆ ತಲೆ ಎತ್ತದೆ, ಮಣ್ಣಿಗೆ ಹೇಳಿದಂತೆ, ಸಾರಿ ಎಂದ.

ಇಷ್ಟು ವರ್ಷದ ಅಭ್ಯಾಸ, ತಿರುಮಲೇಶ ಆಗಲೇ ಮುಂದೆ ಬಂದು, "ಇಟ್ಸ್ ಓಕೆ, ಇಟ್ಸ್ ಓಕೆ" ಎಂದು ಅವನನ್ನು ಎಬ್ಬಿಸಲು ಕೈ ಚಾಚಿದ.

ಸುಹಾಸಿನಿ ಆ ಕೈಯನ್ನು ಹಿಡಿದು ಹಿಂದಕ್ಕೆ ಎಳೆದಳು.

"ನೀವು ಸುಮ್ನಿರಿ. ಆ ಸಾರಿ ನಂಗೆ ಬರ್ಬೇಕಾಗಿದ್ದು. ಅವ್ರು ಎದ್ದ್ ನಿಂತು, ನನ್ ಮುಖ ನೋಡ್ಕೊಂಡು ಹೇಳ್ಲಿ."