ಮೊದಲು ನಾಲ್ಕನೇ ಗಾಡಿ

ಚೈನು ತುಂಡಾದಾಗ ಮಧ್ಯಾಹ್ನ ಹನ್ನೆರಡೂ ಕಾಲು. ಪರೀಕ್ಷಾ ಕೋಣೆಯ ದಪ್ಪ ಗಾಜಿನಾಚೆ ಟಪ್ಪೆಂದು ಒಂದು ಸದ್ದು, ಗೋಡೆಗೆ ಎರಚಿದ ಎಣ್ಣೆ, ಅಷ್ಟೇ. ಮುನ್ನೂರು ಗಂಟೆ ಓಡಬೇಕಿದ್ದದ್ದು ಐವತ್ತೊಂಬತ್ತಕ್ಕೇ ಕೈಚೆಲ್ಲಿತ್ತು.

ದೊಡ್ಡವಳಿಗೆ ಕುರ್ಚಿಯಿಂದ ಏಳಲು ಮನಸ್ಸಾಗಲಿಲ್ಲ. ಆ ಚೈನನ್ನು ಕಾಗದದ ಮೇಲೆ ಹುಟ್ಟಿಸಿದವಳು ಅವಳೇ. ಕಾರ್ಖಾನೆಯವರು ಅವಳಿಗೆ ಕೊಂಡಿ ಮೇಡಂ ಎಂದು ಹೆಸರಿಟ್ಟಿದ್ದರು. ಮನೆಯಲ್ಲಿ ಮಾತ್ರ ದೊಡ್ಡವಳು. ಅಪ್ಪ ಅಮ್ಮ ಹೋದಮೇಲೆ ಅವಳನ್ನು ಸಾಕಿದ ಚಿಕ್ಕಪ್ಪನಿಗೆ ಸ್ವಂತ ಮಗಳೊಬ್ಬಳಿದ್ದಳು, ಅವಳು ಚಿಕ್ಕವಳು. ಮೂವರೂ ಒಂದೇ ಕಾರ್ಖಾನೆಯ ಅನ್ನ ತಿನ್ನುವವರು. ದೊಡ್ಡವಳು ಚೈನಿನ ನಕ್ಷೆ ಬರೆಯುತ್ತಾಳೆ, ಚಿಕ್ಕಪ್ಪ ಪರೀಕ್ಷೆಗೆ ಬೇಕಾದ ಚೈನುಗಳನ್ನು ಕೈಯಾರೆ ಜೋಡಿಸುತ್ತಾರೆ, ಚಿಕ್ಕವಳು ಹೊಸ ಗಾಡಿಗಳಿಗೆ ಭಾರ ಹೇರಿಕೊಂಡು ಬೆಟ್ಟದ ರಸ್ತೆಯಲ್ಲಿ ಓಡಿಸಿ ನೋಡುತ್ತಾಳೆ.

ಗೇರು ಬದಲಾಯಿಸುವ ತಾಪತ್ರಯವಿಲ್ಲದ ಗಾಡಿಗಳು ಅವು. ಹಲ್ಲಿನ ಚಕ್ರಗಳ ಬದಲು ಎರಡು ಪುಲ್ಲಿ, ನಡುವೆ ಒಂದು ಉಕ್ಕಿನ ಚೈನು. ಪುಲ್ಲಿಯ ಎರಡು ಹೋಳು ಹತ್ತಿರ ಬಂದರೆ ಚೈನು ಅಂಚಿಗೆ ಏರುತ್ತದೆ, ದೂರ ಸರಿದರೆ ಬುಡಕ್ಕೆ ಇಳಿಯುತ್ತದೆ. ಒಂದು ಕುಲುಕೂ ಇಲ್ಲದೆ ವೇಗ ಬದಲಾಗುತ್ತದೆ. ಕೂತವರಿಗೆ ಸುಖವೋ ಸುಖ. ಆ ಸುಖವನ್ನೆಲ್ಲ ಹೊರುವುದು ಮಾತ್ರ ಚೈನಿನ ಕೊಂಡಿಗಳನ್ನು ಹಿಡಿದಿಡುವ, ಬೆರಳ ಗೆಣ್ಣಿನಷ್ಟುದ್ದದ ಪಿನ್ನುಗಳು. ಅವುಗಳಲ್ಲಿ ಒಂದು ಕೈಕೊಟ್ಟರೆ ಸಾಕು, ತುಂಡಾದ ಚೈನು ಪುಲ್ಲಿಗಳ ನಡುವೆ ಸಿಕ್ಕಿಕೊಂಡು ಮುಂದಿನ ಚಕ್ರಗಳು ಇದ್ದಲ್ಲೇ ಬಿಗಿದುಬಿಡಬಹುದು. ಸಮತಟ್ಟಾದ ರಸ್ತೆಯಲ್ಲಾದರೆ ಹಣೆ ಊದಿಕೊಳ್ಳುತ್ತದೆ. ಬೆಟ್ಟದ ತಿರುವಿನಲ್ಲಾದರೆ ಏನಾಗುತ್ತದೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಚಿಕ್ಕಪ್ಪ ಜೋಡಿಸಿದ ಮೂರು ಚೈನುಗಳು ಮುನ್ನೂರು ಗಂಟೆ ದಾಟಿಯೂ ಗಟ್ಟಿಮುಟ್ಟಾಗಿದ್ದವು. ಅದನ್ನು ನಂಬಿಯೇ ಮೇಲಿನವರು ದೊಡ್ಡವಳ ಬೆನ್ನು ತಟ್ಟಿದ್ದರು, ಯಂತ್ರದಲ್ಲಿ ಜೋಡಿಸಿದ ಚೈನುಗಳನ್ನು ಆರು ಗಾಡಿಗಳಿಗೆ ಹಾಕಿ ರಸ್ತೆಗೆ ಬಿಟ್ಟಿದ್ದರು. ಇವತ್ತು ತುಂಡಾದದ್ದು ಅದೇ ಯಂತ್ರದಿಂದ ಬಂದ ಏಳನೆಯದು. ಪಟ್ಟಿಯಲ್ಲೊಂದು ಗೀಟು ಎಳೆದರಾಯಿತೆಂದು ಸುಮ್ಮನೆ ಪರೀಕ್ಷೆಗೆ ಹತ್ತಿಸಿದ್ದು.

ತುಂಡುಗಳನ್ನು ತಟ್ಟೆಯಲ್ಲಿ ಹಾಕಿಕೊಂಡು ಅವಳು ಚಿಕ್ಕಪ್ಪನ ಮೇಜಿಗೆ ಬಂದಳು. ಅವರು ಊಟದ ಡಬ್ಬಿ ಮುಚ್ಚಿ ಕೈ ಒರೆಸಿಕೊಳ್ಳುತ್ತಿದ್ದರು.

"ಈ ಸಲದ ಉಕ್ಕೇ ಸರಿಯಿಲ್ಲ ಅನ್ಸುತ್ತೆ ಚಿಕ್ಕಪ್ಪ. ನೋಡಿ."

ಚಿಕ್ಕಪ್ಪ ಒಂದು ಪಿನ್ನು ಎತ್ತಿಕೊಂಡು ಹೆಬ್ಬೆರಳಿನ ಉಗುರನ್ನು ಅದರ ಮೇಲೆ ಅಡ್ಡಕ್ಕೆ ಎಳೆದರು. ಇನ್ನೊಂದನ್ನು ಎತ್ತಿಕೊಂಡರು. ಮತ್ತೊಂದನ್ನು.

"ಉಕ್ಕಿಗೇನಾಗಿದೆ? ಉಕ್ಕು ಚೆನ್ನಾಗೇ ಇದೆ. ಇವು ನಾನು ಬೇಡ ಅಂದ ಪಿನ್ನುಗಳು."

"ಬೇಡ ಅಂದ್ರೆ?"

"ಅಡ್ಡಕ್ಕೆ ಉಗುರು ಎಳೆದ್ರೆ ತೊಡರುತ್ತೆ, ನೀನೇ ನೋಡು. ತಪಾಸಣೆಯವರ ಸೂಜಿ ಉದ್ದಕ್ಕೆ ಓಡುತ್ತೆ, ಅದಕ್ಕೆ ಉದ್ದಕ್ಕಿರೋ ಈ ಗೀರು ಸಿಕ್ಕೋದೇ ಇಲ್ಲ. ಇಂಥವನ್ನೆಲ್ಲ ಆರಿಸಿ ಪಕ್ಕಕ್ಕೆ ಹಾಕಿದ್ದೆ. ನಿನ್ನ ಚೈನಿಗೆ ಇಂಥದ್ದನ್ನ ಹಾಕ್ತೀನಾ ನಾನು?"

ಹೇಳುವಾಗ ಅವರ ಮುಖದಲ್ಲಿ ಎಷ್ಟು ಹೆಮ್ಮೆ! ದೊಡ್ಡವಳು ಉಗುರು ಎಳೆದು ನೋಡಿದಳು, ತೊಡರಿತು. ಮೂರು ಚೈನುಗಳು ಗೆದ್ದದ್ದು ಅವಳ ನಕ್ಷೆಯಿಂದಲ್ಲ, ಈ ಮನುಷ್ಯನ ಉಗುರಿನಿಂದ.

"ಪಕ್ಕಕ್ಕೆ ಹಾಕಿದವು ಎಲ್ಲಿವೆ ಚಿಕ್ಕಪ್ಪ?"

"ಎಲ್ಲಿವೆ ಅಂದ್ರೆ? ಪಾಸಾದ ಮಾಲು, ಎಸೆಯೋಕಾಗುತ್ತಾ? ಯಂತ್ರದ ಡಬ್ಬಕ್ಕೇ ವಾಪಸ್ ಸುರಿದೆ."

ಇಂಥ ತಪ್ಪು ಸೋಮಾರಿಗಳಿಂದ ಆಗುವುದಿಲ್ಲ. ಸೋಮಾರಿ ಸಿಕ್ಕಿದ್ದನ್ನು ಸಿಕ್ಕಂತೆ ಜೋಡಿಸಿ ಮನೆಗೆ ಹೋಗುತ್ತಾನೆ, ಚೈನು ಪರೀಕ್ಷೆಯಲ್ಲೇ ಮುರಿದು ಎಲ್ಲರೂ ಬದುಕಿಕೊಳ್ಳುತ್ತಾರೆ. ಕಣ್ಣಲ್ಲಿ ಕಣ್ಣಿಟ್ಟು ದುಡಿಯುವ, ಒಂದು ಪಿನ್ನನ್ನೂ ಪೋಲು ಮಾಡದ ಮನುಷ್ಯನೇ ಬೇಕು ಇದಕ್ಕೆ. ಚಿಕ್ಕಪ್ಪ ಒಳ್ಳೆಯ ಪಿನ್ನುಗಳನ್ನೆಲ್ಲ ಮನೆಮಗಳ ಚೈನಿಗೆ ಪೋಣಿಸಿ, ಉಳಿದದ್ದನ್ನು ಊರಿನವರ ಪಾಲಿಗೆ ಬಿಟ್ಟಿದ್ದರು. ಬೇಕೆಂದು ಮಾಡಿದ್ದಲ್ಲ, ಪಾಪ.

ಅವಳ ಮುಖ ನೋಡುತ್ತ ನೋಡುತ್ತ ಚಿಕ್ಕಪ್ಪನ ಮುಖ ಬಿಳುಚಿಕೊಂಡಿತು. "ಆ ಡಬ್ಬದ್ದು..." ಎಂದವರು ಅಲ್ಲಿಗೇ ನಿಲ್ಲಿಸಿದರು. ಆಮೇಲೆ ಮೆಲ್ಲಗೆ, "ನಾಲ್ಕನೇ ಗಾಡಿ ಚಿಕ್ಕವಳ ಹತ್ರ ಇದೆ," ಎಂದರು.

ಆರೂ ಗಾಡಿಗಳು ಐವತ್ತೈದು ಗಂಟೆ ದಾಟಿದ್ದವು. ಆ ಪಟ್ಟಿಗೆ ಬೆಳಿಗ್ಗೆ ಸಹಿ ಹಾಕಿದವಳು ದೊಡ್ಡವಳೇ.

ವಯರ್‌ಲೆಸ್ ಕೋಣೆ ಅಂಗಳದ ಆಚೆ ತುದಿಯಲ್ಲಿತ್ತು. ಅವಳು ಓಡಿದಳು, ಹಿಂದೆ ಚಿಕ್ಕಪ್ಪ ಏದುಸಿರು ಬಿಡುತ್ತ ಬಂದರು. ಡ್ರೈವರುಗಳು ಮೊಬೈಲನ್ನು ಗೇಟಿನಲ್ಲೇ ಬಿಟ್ಟು ಹೋಗಬೇಕು, ಹಾಗಾಗಿ ಅವರನ್ನು ಮುಟ್ಟಲು ವಯರ್‌ಲೆಸ್ ಒಂದೇ ದಾರಿ.

"ನಾಲ್ಕು ಗಾಡಿ ಊಟಕ್ಕೆ ನಿಂತಿವೆ, ಎರಡು ಬೆಟ್ಟ ಇಳೀತಿವೆ," ಎಂದ ವಯರ್‌ಲೆಸ್‌ನವನು, ಅವಳು ವಿಷಯ ಹೇಳಿ ಮುಗಿಸುವ ಮೊದಲೇ ಮೈಕು ಎಳೆದುಕೊಳ್ಳುತ್ತ. "ಎರಡನೇ ಗಾಡಿ, ನಾಲ್ಕನೇ ಗಾಡಿ. ಎರಡನೇದ್ರಲ್ಲಿ ಶಿಳ್ಳೆ ಇದ್ದಾನೆ, ಕೊನೇ ಇಳಿಜಾರು, ಕಡಿದಾದ ಜಾಗ. ಮೊದಲು ಅವನಿಗೆ ಹೇಳ್ತೀನಿ."

ಶಿಳ್ಳೆ ಎಂದರೆ ವಯರ್‌ಲೆಸ್‌ನಲ್ಲಿ ಮಾತಿಗಿಂತ ಶಿಳ್ಳೆಯನ್ನೇ ಹೆಚ್ಚು ಹಾಕುವ ಡ್ರೈವರು. ಒಂದೊಂದು ಗಾಡಿಗೆ ಒಂದೊಂದು ಚಾನೆಲ್. ಒಬ್ಬರೊಡನೆ ಮಾತಾಡುವಾಗ ಇನ್ನೊಬ್ಬರಿಗೆ ಕೇಳಿಸುವುದಿಲ್ಲ.

"ಮೊದಲು ನಾಲ್ಕು," ಎಂದಳು ದೊಡ್ಡವಳು.

"ಮೇಡಂ, ಕೆಳಗಿರೋರಿಗೆ ಮೊದಲು ಹೇಳ್ಬೇಕು, ಅದೇ ಇಲ್ಲಿಯ ನಿಯಮ."

"ನಾಲ್ಕು. ಒಂದೇ ನಿಮಿಷ."

ಅವನು ಅವಳನ್ನು ನೋಡಿದ, ಬಾಗಿಲಲ್ಲಿ ನಿಂತ ಚಿಕ್ಕಪ್ಪನನ್ನು ನೋಡಿದ, ಗುಂಡಿ ತಿರುಗಿಸಿದ.

ಒಂದೇ ನಿಮಿಷದಲ್ಲಿ ಮುಗಿಯುವ ಮಾತಲ್ಲ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಸುಮ್ಮನೆ ನಿಲ್ಲಿಸು ಎಂದರೆ ಕೆಲಸ ಕೆಡುತ್ತದೆ. ಗಾಡಿ ನಿಧಾನವಾದಷ್ಟೂ ಚೈನು ಎಂಜಿನ್ ಕಡೆಯ ಪುಲ್ಲಿಯ ಬುಡಕ್ಕೆ ಇಳಿಯುತ್ತದೆ, ಪಿನ್ನಿಗೆ ಜೀವ ಹೋಗುವಷ್ಟು ಬಾಗು ಬೀಳುವುದು ಅಲ್ಲೇ. ಮೊದಲು ನ್ಯೂಟ್ರಲ್‌ಗೆ ಹಾಕಿ ಚೈನಿನ ಎಳೆತ ತಪ್ಪಿಸಬೇಕು. ಆಮೇಲೆ ಅಷ್ಟು ಭಾರವನ್ನೂ ಬರೀ ಬ್ರೇಕಿನಲ್ಲಿ, ಬಿಟ್ಟು ಬಿಟ್ಟು ಒತ್ತಿ ಹಿಡಿಯಬೇಕು.

"ನ್ಯೂಟ್ರಲ್‌ಗಾ? ಇಳಿಜಾರಲ್ಲಾ?" ಆ ಕಡೆಯಿಂದ ಚಿಕ್ಕವಳು ನಕ್ಕಳು. "ಅಕ್ಕಾ, ಹಾಗೆ ಮಾಡಿದ್ರೆ ಕೆಲಸದಿಂದ ತೆಗೀತಾರೆ ನನ್ನ."

"ನಾನು ಹೇಳಿದಷ್ಟು ಮಾಡು. ಪ್ರಶ್ನೆ ಕೇಳ್ಬೇಡ."

ಆ ಕಡೆ ನಗು ನಿಂತಿತು. ಒಂದು ತಿರುವು. ಬ್ರೇಕು ಬಿಸಿಯಾಗುತ್ತಿದೆ ಎಂದಳು ಚಿಕ್ಕವಳು. ಇನ್ನೊಂದು ತಿರುವು. ದೊಡ್ಡವಳು ಬಿಡು ಎಂದಳು, ಒತ್ತು ಎಂದಳು, ಮತ್ತೆ ಬಿಡು ಎಂದಳು. ರಸ್ತೆಯ ಪಕ್ಕ ಗುಡ್ಡದ ಬದಿಗೆ ಜಲ್ಲಿಯ ರಾಶಿಯೊಂದಿದೆ, ಅದಕ್ಕೆ ಹತ್ತಿಸು ಎಂದ ವಯರ್‌ಲೆಸ್‌ನವನು. ಆಮೇಲೆ ಜಲ್ಲಿ ಕರಕರ ಎಂದ ಸದ್ದು, ಉಸಿರಿನ ಸದ್ದು.

"ನಿಂತೆ ಅಕ್ಕ. ಚಕ್ರದಿಂದ ಹೊಗೆ ಬರ್ತಿದೆ. ನನಗೇನೂ ಆಗಿಲ್ಲ."

ಚಿಕ್ಕಪ್ಪ ಬಾಗಿಲಿಗೆ ಒರಗಿದವರು ಹಾಗೇ ಜಾರಿ ನೆಲಕ್ಕೆ ಕೂತು ಮಗುವಿನ ಹಾಗೆ ಅತ್ತುಬಿಟ್ಟರು. ದೊಡ್ಡವಳಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಚಿಕ್ಕವಳ ದನಿ ಮತ್ತೆ ಬಂತು.

"ಶಿಳ್ಳೆಗೂ ಹೇಳಿದ್ರಿ ತಾನೆ? ಅವನು ನನಗಿಂತ ಕೆಳಗಿದ್ದಾನೆ."

"ಹ್ಞೂಂ, ಹೇಳಿದ್ವಿ," ಎಂದಳು ದೊಡ್ಡವಳು. ಆ ಸುಳ್ಳು ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಹೇಸಿಗೆಯಾಯಿತು.

ವಯರ್‌ಲೆಸ್‌ನವನು ಗುಂಡಿ ತಿರುಗಿಸಿದ. "ಎರಡು, ಕೇಳಿಸ್ತಿದೆಯಾ? ಎರಡು." ಸ್ಪೀಕರಿನಿಂದ ಬರೀ ಸೊರಸೊರ ಬಂತು. ಅವನು ಮತ್ತೆ ಕರೆದ. ಎಂಟು ಸಲ ಕರೆದ. ನಾಲ್ಕನೇ ಗಾಡಿಯನ್ನು ಕರೆದಲ್ಲಿಂದ ಗೋಡೆಯ ಗಡಿಯಾರದಲ್ಲಿ ಒಟ್ಟು ಒಂಬತ್ತು ನಿಮಿಷ ಕಳೆದಿತ್ತು.

ಆಮೇಲೆ ಅವನು ದಾಖಲೆ ಪುಸ್ತಕ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದ. ತಲೆ ಎತ್ತಲಿಲ್ಲ.

"ಮೇಡಂ, ಮೊದಲು ಯಾವ ಗಾಡೀನ ಕರೆದೆ ಅಂತ ಬರೀಲಿ?"

ನೆಲದ ಮೇಲಿದ್ದ ಚಿಕ್ಕಪ್ಪನ ಅಳು ನಿಂತುಹೋಯಿತು. ದೊಡ್ಡವಳು ಅವರ ಕಡೆ ನೋಡಲಿಲ್ಲ, ಅವರೂ ಅವಳ ಕಡೆ ನೋಡಲಿಲ್ಲ.

"ನಾಲ್ಕು ಅಂತ ಬರೀರಿ," ಎಂದಳು. "ನಾನು ಹೇಳಿದೆ ಅಂತ ಬರೀರಿ."

ಅವನು ಬರೆದ. ಬರೆದು ಮುಗಿಸಿ ಎರಡನೇ ಗಾಡಿಯನ್ನು ಮತ್ತೆ ಕರೆಯತೊಡಗಿದ.