ಹಲಗೆ ಹತ್ತಿದ ಯಜಮಾನರು

ಮಧುಗಿರಿಯ ಬಟ್ಟೆ ವ್ಯಾಪಾರಿ ನಂದೀಶ್ವರಯ್ಯನವರದು ಗಂಭೀರ ಸ್ವಭಾವ. ಅವರ ಅಂಗಡಿಯಲ್ಲಿ ಗಿರಾಕಿಗಳು ಕೂಡ ಮೆಲ್ಲಗೆ ಕೆಮ್ಮುತ್ತಿದ್ದರು. ಅಂಥವರು ಒಂದು ಮಧ್ಯಾಹ್ನ ಊಟಕ್ಕೆಂದು ಮನೆಗೆ ಬಂದು, ಟೀವಿಯಲ್ಲಿ ತಾವೇ ದೊಡ್ಡದೊಂದು ಕಟ್ಟಡದ ಮೆಟ್ಟಿಲ ಮೇಲಿಂದ ಉರುಳಿ, ಕಂಬಕ್ಕೆ ಬಡಿದು, ಕಸದ ಡಬ್ಬಿಯೊಳಕ್ಕೆ ತಲೆಕೆಳಗಾಗಿ ಬೀಳುವುದನ್ನು ಕಂಡು ಹೊಸ್ತಿಲಲ್ಲೇ ನಿಂತುಬಿಟ್ಟರು.

ಅದೇ ಬೋಳುತಲೆ, ಅದೇ ಬಿಳಿಮೀಸೆ, ಅದೇ ದಪ್ಪ ಕನ್ನಡಕ. ಪಂಚೆ ಬದಲು ಚಡ್ಡಿ. ತಲೆಯ ಮೇಲೆ ‘ನಮ್ಮ ಯಜಮಾನ್ರು’ ಎಂಬ ಹೆಸರು ತೇಲುತ್ತಿತ್ತು.

ಸೋಫಾದಲ್ಲಿ ಕಂಟ್ರೋಲರ್ ಹಿಡಿದು ಕೂತಿದ್ದ ಹೆಂಡತಿ ಸಿದ್ದಗಂಗಮ್ಮ ನಕ್ಕೂ ನಕ್ಕೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

“ಏನೇ ಇದು?”

“ಬಂದ್ಬುಟ್ರಾ? ಲೋಹಿತಾ ತಂದಿರೋ ಆಟ ಕಣ್ರೀ. ಹಲಗೆಗೆ ಗಾಲಿ ಹಾಕವ್ರೆ. ಇಡೀ ಊರು ಸುತ್ಬೋದು, ಯಾರೂ ಕೇಳಂಗಿಲ್ಲ.”

“ಯಜಮಾನ್ರು ಅಂದ್ರೆ?”

“ನಿಮ್ಮೆಸ್ರು ನಾನೆಂಗೆ ಯೋಳ್ಲಿ? ಅದ್ಕೇ ಅಂಗೆ ಬರ್ಸಿದ್ದು.”

ಶಿರಾದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ, ಅಂದು ರಜೆಯೆಂದು ಪಕ್ಕದಲ್ಲೇ ಕೂತಿದ್ದ ಸೊಸೆ ಲೋಹಿತಾ ಸಮಜಾಯಿಷಿ ಕೊಟ್ಟಳು. “ಮಾವ, ಮುಖ, ಮೀಸೆ ಎಲ್ಲಾ ನಮಗೆ ಬೇಕಾದಂಗೆ ಮಾಡ್ಕೋಬಹುದು. ಜಿಗಿದ್ರೆ ಪಾಯಿಂಟು, ಕಂಬಿ ಮೇಲೆ ಜಾರಿದ್ರೆ ಪಾಯಿಂಟು. ಬೀಳೋದಕ್ಕೇ ಬೇರೆ ಪಂದ್ಯ ಐತೆ, ಮೂಳೆ ಮುರಿದಷ್ಟೂ ಒಳ್ಳೇದು. ಅತ್ತೆ ಅದ್ರಲ್ಲಿ ಬಲು ಜೋರು.”

“ಬೀಳ್ತಿರೋದು ನಿಮ್ಮತ್ತೆ ಅಲ್ಲಮ್ಮ, ನಾನು!”

ಮರುದಿನ ಮನೆಯಲ್ಲಿ ಯಾರೂ ಇಲ್ಲದಾಗ ನಂದೀಶ್ವರಯ್ಯನವರು ಟೀವಿ ಹಚ್ಚಿದರು. ಆ ಮನುಷ್ಯನನ್ನು ಒಂದು ಸಲವಾದರೂ ಮರ್ಯಾದೆಯಾಗಿ ನಡೆಸಬೇಕೆಂಬುದಷ್ಟೇ ಅವರ ಆಸೆ. ಹಲಗೆಯಿಂದ ಇಳಿಸುವ ಗುಂಡಿಯನ್ನು ಹುಡುಕಿ ಹಿಡಿದರು. ಫುಟ್‌ಪಾತಿನ ಮೇಲೆ ಅಂಚು ಹಿಡಿದು ನಡೆಸಿದರು. ರಸ್ತೆ ದಾಟುವ ಮುಂಚೆ ಎರಡೂ ಕಡೆ ನೋಡಿದರು. ಆದರೂ ಎಲ್ಲಿಂದಲೋ ಬಂದ ಕಾರು ಅವರನ್ನು ಎತ್ತಿ ಕಾರಂಜಿಗೆ ಎಸೆಯಿತು.

“ಥತ್, ಕಣ್ ಕಾಣಲ್ವೇನ್ಲಾ!” ಎಂದು ಟೀವಿಗೆ ಬೈದು, ಸದ್ದಿಲ್ಲದೆ ಆರಿಸಿ ಅಂಗಡಿಗೆ ಹೋದರು.

ಭಾನುವಾರ ಶಿರಾದಿಂದ ಹಳೆಯ ಸ್ನೇಹಿತ, ಹಾಸಿಗೆ ಅಂಗಡಿಯ ಫಜಲುಲ್ಲಾ ಬಂದರು. ಅತ್ತೆ ಸೊಸೆ ಆಡುತ್ತಿದ್ದ ಟೀವಿಯ ಮುಂದೆ ಕೂತಿದ್ದೇ ತಡ, ಚಡ್ಡಿ ತೊಟ್ಟ ಗೆಳೆಯನನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಅರೆ ನಂದೀಶಣ್ಣ, ಈ ವಯಸ್ಸಲ್ಲಿ ಇದೇನ್ ಶೋಕಿ!”

ಅಷ್ಟರಲ್ಲಿ ಟೀವಿಯೊಳಗಿಂದ ಒಂದು ಹೆಂಗಸಿನ ದನಿ ಕೇಳಿತು. “ಗಂಗಕ್ಕಾ, ನಿಮ್ಮೋರು ರೆಡಿನಾ? ನಮ್ಮೋರನ್ನ ಛತ್ ಮೇಲೆ ನಿಲ್ಸಿದೀನಿ.”

ಫಜಲುಲ್ಲಾ ನಗುವುದನ್ನು ಬಿಟ್ಟು ಟೀವಿಯತ್ತ ಬಗ್ಗಿದರು. ಅದು ಶಿರಾದ ಮನೆಯಲ್ಲಿ ಕೂತು ಇಂಟರ್‌ನೆಟ್ಟಿನಲ್ಲಿ ಇದೇ ಆಟ ಆಡುತ್ತಿದ್ದ ಅವರ ಹೆಂಡತಿ ಅಮೀನಾಬಿಯ ದನಿ. ಪರದೆಯ ಮೇಲೆ ಮೆಹಂದಿ ಹಚ್ಚಿದ ಕೆಂಪು ಗಡ್ಡದವನೊಬ್ಬ ಹೂವಿನ ಚಡ್ಡಿ ತೊಟ್ಟು ಮಹಡಿಯ ತುದಿಯಲ್ಲಿ ನಿಂತಿದ್ದ.

“ಯಾ ಅಲ್ಲಾ. ನಾನಾ ಅದು?”

ಕೆಂಪು ಗಡ್ಡ ಹಾರಿತು. ಎರಡು ಛಾವಣಿ, ಒಂದು ಮರ, ಕೊನೆಗೆ ನೆಲ. ಯಜಮಾನರೂ ಹಿಂದೆಯೇ ಹಾರಿದರು. ಆದರೆ ಛತ್ರಿಯೊಂದು ಅಡ್ಡ ಸಿಕ್ಕಿ ಬರೀ ಮೊಣಕೈ ಮುರಿಯಿತು.

“ನಮ್ದೇ ಜಾಸ್ತಿ!” ಫಜಲುಲ್ಲಾ ತೊಡೆ ತಟ್ಟಿದರು. “ಶಭಾಷ್ ಬೇಗಂ!”

ನಂದೀಶ್ವರಯ್ಯನವರ ಮೀಸೆ ಅದುರಿತು. “ಏನೇ, ನೋಡ್ತಾ ಕೂತಿದೀಯ? ಆ ನೀರಿನ ಟ್ಯಾಂಕಿಂದ ತಳ್ಳು ನನ್ನ!”

ಈ ಆಟದಲ್ಲಿ ಎಲ್ಲಿ ಬೇಕಾದರೂ ಇಳಿಜಾರು ತಂದು ನಿಲ್ಲಿಸಬಹುದಿತ್ತು. ಟ್ಯಾಂಕಿನ ಮೇಲೆ ಎಲ್ಲಿಡಬೇಕೆಂದು ಅವರೇ ಬೆರಳು ತೋರಿಸಿದರು. ಸಿದ್ದಗಂಗಮ್ಮ ತಳ್ಳಿದರು. ಯಜಮಾನರು ಗಾಳಿಯಲ್ಲಿ ಎರಡು ಸುತ್ತು ತಿರುಗಿ, ಯಾರ ಪುಣ್ಯವೋ, ಕೆಳಗೆ ಹಲಗೆಯ ಮೇಲೇ ನೆಟ್ಟಗೆ ಇಳಿದು ಸೊರ್ರನೆ ಸಾಗಿದರು.

“ಛೇ, ಒಂದು ಮೂಳೇನೂ ಮುರೀಲಿಲ್ಲ,” ಎಂದು ಸಿದ್ದಗಂಗಮ್ಮ ಕೈಚೆಲ್ಲಿದರು. ಪಂದ್ಯ ಅಮೀನಾಬಿಗೆ ಹೋಯಿತು.

ನಂದೀಶ್ವರಯ್ಯನವರಿಗೆ ಅದು ಕೇಳಿಸಲೇ ಇಲ್ಲ. ಅವರು ಕನ್ನಡಕ ಒರೆಸಿ ಹಾಕಿಕೊಂಡು ಟೀವಿಗೆ ಇನ್ನಷ್ಟು ಹತ್ತಿರ ಸರಿದು ಕೂತರು.

“ಲೋಹಿತಾ, ಅದನ್ನ ಇನ್ನೊಂದ್ ಸಲ ಹಾಕಮ್ಮ. ನಿಧಾನಕ್ಕೆ.”